ಬೇಳೆ ಹೋಳಿಗೆ ಕೊರಿಯರ್‌ಗೆ ಇಲ್ಲ

ಧಾರವಾಡದಲ್ಲಿ ನಮ್ಮ ವೈನಿ, ಅಂದರೆ ಅತ್ತಿಗೆ, ಹೋಳಿಗೆ ಮಾಡಿ ಮಾರುತ್ತಾರೆ. ಅಂಗಡಿ ಏನೂ ಇಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಎರಡು ದೊಡ್ಡ ಹಂಚು, ಹೂರಣ ರುಬ್ಬಲು ಒಂದು ಗ್ರೈಂಡರ್, ಲಟ್ಟಿಸಲು ಬರುವ ಇಬ್ಬರು ಹೆಂಗಸರು, ಇಷ್ಟೇ. ಆರ್ಡರ್‌ಗಳೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದ್ದವು. "ಅಕ್ಕಾ, ನಾಡಿದ್ದು ಹೋಳಿಗೆ ಬೇಕು" ಎಂದು ಒಂದು ಸಂದೇಶ. ಯಾವ ಹೋಳಿಗೆ? ಎಷ್ಟು? ತುಪ್ಪ ಹಚ್ಚಬೇಕೋ ಬೇಡವೋ? ಬಂದು ಒಯ್ಯುತ್ತೀರೋ, ಕಳಿಸಬೇಕೋ? ಒಂದೊಂದು ಪ್ರಶ್ನೆಗೂ ಅರ್ಧ ಗಂಟೆ ಬಿಟ್ಟು ಉತ್ತರ. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಿ ಮುಟ್ಟಿ ಪರದೆಯ ಮೇಲೆ ಕಣಕದ ಒಂದು ಪದರವೇ ಕೂತಿತ್ತು.

ಯುಗಾದಿಗೆ ಮೂರು ವಾರ ಇರುವಾಗ ನಾನು ಊರಿಗೆ ಹೋದೆ. ನನ್ನದು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಕೋಡ್ ಬರೆಯುವುದು ಹವ್ಯಾಸ. "ಒಂದು ಫಾರ್ಮ್ ಮಾಡಿಕೊಡುತ್ತೇನೆ, ವೈನಿ, ಒಂದು ಸಂಜೆಯ ಕೆಲಸ" ಎಂದೆ. ಹತ್ತು ದಿನ ಹಿಡಿಯಿತು. ಏನೇನು ಕೆಟ್ಟಿತು, ಹೇಗೆ ಸರಿಮಾಡಿದೆ ಎಂಬುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲ ಸಂಜೆ ಮಾಡಿದ ಫಾರ್ಮ್‌ನಲ್ಲಿ 19 ಪ್ರಶ್ನೆಗಳಿದ್ದವು, ಎಲ್ಲರಿಗೂ ಎಲ್ಲವೂ. ಅಪ್ಪನ ಕೈಗೆ ಫೋನ್ ಕೊಟ್ಟು 10 ಶೇಂಗಾ ಹೋಳಿಗೆ ಆರ್ಡರ್ ಮಾಡಿ ನೋಡಿ ಎಂದೆ. ನಮ್ಮ ಮನೆಯಲ್ಲೇ ಕೂತು ಆರ್ಡರ್ ಮಾಡುತ್ತಿದ್ದ ಅವರಿಗೆ ಫಾರ್ಮ್ ಪಿನ್ ಕೋಡ್ ಕೇಳಿತು, ಕಚೇರಿಯ ಜಿಎಸ್‌ಟಿ ನಂಬರ್ ಕೇಳಿತು. ಒಂಬತ್ತನೆಯ ಪ್ರಶ್ನೆಗೆ ಅವರು ಫೋನ್ ಮೇಜಿನ ಮೇಲಿಟ್ಟು, ಅಡುಗೆಮನೆಯ ಕಡೆ ತಿರುಗಿ ಹತ್ತು ಹೋಳಿಗೆ ಬೇಕೆಂದು ಕೂಗಿ ಹೇಳಿದರು. ಪ್ರಯೋಗ ಅಲ್ಲಿಗೆ ಮುಗಿಯಿತು.

ಹಾಗಾಗಿ ಹಿಂದಿನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಕೇಳುವ ಫಾರ್ಮ್ ಬೇಕಾಯಿತು. ಷರತ್ತುಗಳನ್ನು ಮೊದಲು ಕಾಗದದ ಮೇಲೆ ಬರೆಯೋಣ ಎಂದು ವೈನಿಯ ಎದುರು ಕೂತೆ. ಈ ಒಂದು ಕೆಲಸ ಮಾತ್ರ ಮೊದಲೇ ಸರಿಯಾಗಿ ಮಾಡಿದೆ ಎನ್ನಬಹುದು. ಅವರು ಹೂರಣದ ಉಂಡೆ ಕಟ್ಟುತ್ತ ಹೇಳುತ್ತಾ ಹೋದರು, ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ.

ಕಡಲೆಬೇಳೆ ಹೋಳಿಗೆ ಊರೊಳಗೆ ಮಾತ್ರ. ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಎಲ್ಲಿಗೆ ಬೇಕಾದರೂ ಹೋಗುತ್ತವೆ, ಆದರೆ ಕೊರಿಯರ್ ಎಂದರೆ ಕನಿಷ್ಠ 20 ಇರಬೇಕು. ಕೊರಿಯರ್‌ಗೆ ತುಪ್ಪ ಹಚ್ಚುವುದಿಲ್ಲ, ಆದ್ದರಿಂದ ತುಪ್ಪದ ಪ್ರಶ್ನೆಯನ್ನೇ ಕೇಳುವುದು ಬೇಡ. 100 ದಾಟಿದರೆ ಮೂರು ದಿನ ಮೊದಲು ಹೇಳಬೇಕು, ಅರ್ಧ ಹಣ ಮುಂಗಡ. ನೈವೇದ್ಯಕ್ಕೆ ಎಂದರೆ ಬೆಳಿಗ್ಗೆ 9ರ ಒಳಗೆ ಮುಟ್ಟಿಸಬೇಕು, ಆ ದಿನದ ಮೊದಲ ಹಂಚಿನದೇ ಆಗಬೇಕು. ಖೋವಾ ಹೋಳಿಗೆಗೆ ಹಿಂದಿನ ದಿನವೇ ಖೋವಾ ತರಿಸಬೇಕು.

ಮುಗಿಯಿತು ಎಂದುಕೊಂಡೆ. ಆಗ ವೈನಿ, "ಕಟ್ಟು ಬೇಕೋ ಎಂದು ಕೇಳುವುದನ್ನು ಮರೆತೆಯಲ್ಲ" ಎಂದರು. ದಕ್ಷಿಣದ ಕಡೆಯ ಓದುಗರೆಲ್ಲರಿಗೂ ಇದರ ಮಹತ್ವ ಗೊತ್ತಿರಲಿಕ್ಕಿಲ್ಲ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದಾಗ ಉಳಿಯುವ ನೀರೇ ಕಟ್ಟು. ಅದರಿಂದ ಮಾಡಿದ ಕಟ್ಟಿನ ಸಾರು ಇಲ್ಲದೆ ನಮ್ಮಲ್ಲಿ ಹೋಳಿಗೆ ಊಟ ಪೂರ್ತಿಯಾಗುವುದಿಲ್ಲ. ಬೇಳೆ ಹೋಳಿಗೆ 50 ಅಥವಾ ಹೆಚ್ಚು ತೆಗೆದುಕೊಂಡವರಿಗೆ ವೈನಿ ಕಟ್ಟನ್ನು ಪುಕ್ಕಟೆ ಕೊಡುತ್ತಾರೆ. ಆದರೆ ಗಾಡಿಯಲ್ಲಿ ಕಳಿಸಿದರೆ ಚೆಲ್ಲುತ್ತದೆ. ತಾವೇ ಬಂದು, ತಮ್ಮದೇ ಪಾತ್ರೆಯಲ್ಲಿ ಒಯ್ಯಬೇಕು. ಅಂದರೆ ಊರೊಳಗೆ ಇರಬೇಕು, ಬೇಳೆ ಹೋಳಿಗೆ ಆಗಿರಬೇಕು, 50 ಅಥವಾ ಹೆಚ್ಚು ಇರಬೇಕು, ತಾವೇ ಬಂದು ಒಯ್ಯಬೇಕು. ನಾಲ್ಕು ಷರತ್ತು ಕೂಡಿದಾಗ ಮಾತ್ರ ಮೂಡಬೇಕಾದ ಒಂದು ಪ್ರಶ್ನೆ. ಇಡೀ ಫಾರ್ಮ್‌ನಲ್ಲಿ ಅತ್ಯಂತ ಕಠಿಣವಾದ ಷರತ್ತು ಬೇಳೆ ಬಸಿದ ನೀರಿನದಾಯಿತು.

ಗೂಗಲ್ ಫಾರ್ಮ್ಸ್‌ನಲ್ಲಿ ಉತ್ತರವನ್ನು ಆಧರಿಸಿ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಕರ್ಯ ಇದೆ. ಆದರೆ ಅದು ಒಂದೇ ಉತ್ತರ ಆರಿಸುವ ಪ್ರಶ್ನೆಗಳಿಗೆ ಮತ್ತು ಡ್ರಾಪ್‌ಡೌನ್‌ಗೆ ಮಾತ್ರ. ಹಲವನ್ನು ಟಿಕ್ ಮಾಡುವ ಚೆಕ್‌ಬಾಕ್ಸ್‌ಗೆ ಇಲ್ಲ. ನಮ್ಮ ಗಿರಾಕಿಗಳೋ ಬೇಳೆಯದು 20, ಶೇಂಗಾದ್ದು 10, ಎಳ್ಳಿನದು 5 ಎಂದು ಒಟ್ಟಿಗೇ ಕೇಳುವವರು. ಸಂಖ್ಯೆ 50 ಮುಟ್ಟಿತೇ ಎಂದು ನೋಡಿ ದಾರಿ ಬದಲಿಸುವುದಂತೂ ಅಲ್ಲಿ ಆಗದ ಮಾತು. ಒಂದೇ ಸರಕು ಮಾರುವವರಿಗೆ ಅದು ಧಾರಾಳವಾಗಿ ಸಾಕು. ನಾನು ಮಾತ್ರ ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಸ್ವಂತ ಪುಟ ಬರೆದು, ಒಂದಿಷ್ಟು ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಸೇರಿಸಿ, ಬಂದ ಆರ್ಡರನ್ನು ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ (ಗೂಗಲ್‌ನಲ್ಲೇ ಓಡುವ ಪುಟ್ಟ ಕೋಡ್) ಮೂಲಕ ಗೂಗಲ್ ಶೀಟ್‌ಗೆ ಇಳಿಸುವ ದಾರಿ ಹಿಡಿದೆ.

ಮೊದಲ ಆವೃತ್ತಿಯಲ್ಲಿ ಮಾಡಿದ್ದು ಸರಳ. ಪ್ರತಿ ಪ್ರಶ್ನೆಗೂ ಒಂದು ಡಬ್ಬಿ. ಬೇಡವಾದಾಗ, ಪುಟದ ರೂಪ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ಆ ಡಬ್ಬಿಯ ಡಿಸ್‌ಪ್ಲೇಯನ್ನು 'ನನ್' (ತೋರಿಸಬೇಡ) ಮಾಡುವುದು, ಬೇಕಾದಾಗ ಮರಳಿ ತೋರಿಸುವುದು. ನೋಡಲು ಚೆಂದ ಇತ್ತು. ಕೊರಿಯರ್ ಒತ್ತಿದರೆ ಬೇಳೆ ಹೋಳಿಗೆ ಮಾಯ, ಪಿನ್ ಕೋಡ್ ಪ್ರತ್ಯಕ್ಷ. ವೈನಿ ಮೂರು ಸಲ ಒತ್ತಿ ಒತ್ತಿ ನೋಡಿ ನಕ್ಕರು. ಅದೇ ರಾತ್ರಿ ಕೊಂಡಿಯನ್ನು ನಾಲ್ಕೈದು ಹಳೆಯ ಗಿರಾಕಿಗಳಿಗೆ ಕಳಿಸಿದೆವು.

ಮರುದಿನ ಬೆಳಿಗ್ಗೆ ಒಬ್ಬರ ಫೋನ್: "ಎಲ್ಲ ತುಂಬಿದೆ, ಕಳಿಸು ಎಂಬ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ." ನನ್ನ ಲ್ಯಾಪ್‌ಟಾಪ್‌ನಲ್ಲಿ ಕನ್ಸೋಲ್ (ಬ್ರೌಸರ್ ತನ್ನ ದೋಷಗಳನ್ನು ಬರೆಯುವ ಕಿಟಕಿ) ತೆರೆದು ಅವರ ಹಾಗೆಯೇ ತುಂಬಿದಾಗ ಕಾರಣ ಸಿಕ್ಕಿತು. ಪಿನ್ ಕೋಡ್ ಕಡ್ಡಾಯ ಎಂದು ನಾನು ಗುರುತು ಹಾಕಿದ್ದೆ. ಊರೊಳಗಿನವರಿಗೆ ಆ ಪ್ರಶ್ನೆ ಕಾಣುವುದಿಲ್ಲ, ಆದರೆ ಕಡ್ಡಾಯ ಎಂಬುದು ಹಾಗೇ ಉಳಿದಿದೆ. ಬ್ರೌಸರ್ ಖಾಲಿ ಇರುವ ಆ ಜಾಗಕ್ಕೆ ಗಿರಾಕಿಯನ್ನು ಕರೆದೊಯ್ದು 'ಇದನ್ನು ತುಂಬಿ' ಎನ್ನಬೇಕು. ಜಾಗವೇ ಕಾಣದಿದ್ದರೆ ಎಲ್ಲಿಗೆ ಕರೆದೊಯ್ಯುತ್ತದೆ? ಕನ್ಸೋಲ್‌ನಲ್ಲಿ ಒಂದು ಸಾಲು ಗೊಣಗಿ ಸುಮ್ಮನಾಗುತ್ತದೆ. ಫೋನ್ ಹಿಡಿದವರಿಗೆ ಕನ್ಸೋಲ್ ಎಲ್ಲಿಂದ ಬರಬೇಕು.

ಅವಸರದಲ್ಲಿ ಪಿನ್ ಕೋಡ್‌ನ ಕಡ್ಡಾಯವನ್ನು ಕಿತ್ತುಹಾಕಿದೆ. ಇದು ಕಾಯಿಲೆ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟ ಹಾಗಾಯಿತು.

ಯಾಕೆಂದರೆ ಮೂರನೆಯ ದಿನ ಪುಣೆಗೆ ಹೋಗಬೇಕಾದ ಒಂದು ಕೊರಿಯರ್ ಆರ್ಡರ್ ಬಂತು: ಶೇಂಗಾ 25, ಕಡಲೆಬೇಳೆ 30. ಶೀಟ್‌ನಿಂದ ಚೀಟಿ ಬರೆದುಕೊಂಡವರು ಬಂದಿರುವುದನ್ನೆಲ್ಲ ಬರೆದರು, ಲಟ್ಟಿಸುವವರು ಚೀಟಿಯಲ್ಲಿರುವುದನ್ನೆಲ್ಲ ಲಟ್ಟಿಸಿದರು. ಡಬ್ಬಿಗೆ ತುಂಬುವ ಹೊತ್ತಿಗೆ ವೈನಿ ಬಂದು, "ಬೇಳೆ ಹೋಳಿಗೆ ಪುಣೆಗೆ ಕಳಿಸಲು ಹೇಳಿದವರು ಯಾರು?" ಎಂದು ಕೇಳಿದರು. ಹೇಳಿದ್ದು ನನ್ನ ಫಾರ್ಮ್. ಗಿರಾಕಿಯನ್ನು ವಿಚಾರಿಸಿದಾಗ ತಿಳಿಯಿತು: ಮೊದಲು ಧಾರವಾಡದಲ್ಲಿರುವ ತಾಯಿಗೆಂದು ಊರೊಳಗೆ ಎಂಬುದನ್ನು ಒತ್ತಿ ಬೇಳೆ ಹೋಳಿಗೆ 30 ಎಂದು ತುಂಬಿದ್ದರು, ಆಮೇಲೆ ಮನಸ್ಸು ಬದಲಿಸಿ ಕೊರಿಯರ್ ಒತ್ತಿದ್ದರು. ಪರದೆಯಿಂದ ಬೇಳೆ ಹೋಳಿಗೆ ಹೋಯಿತು, ಒಳಗೆ 30 ಎಂಬ ಅಂಕಿ ಕೂತೇ ಇತ್ತು. ಡಿಸ್‌ಪ್ಲೇ 'ನನ್' ಮಾಡಿದ ಮಾತ್ರಕ್ಕೆ ಬ್ರೌಸರ್ ಆ ಅಂಕಿಯನ್ನು ಬಿಟ್ಟು ಕಳಿಸುವುದಿಲ್ಲ. ಅದಕ್ಕೆ ಅದು ಬಟ್ಟೆ ಹೊದೆಸಿದ ಪಾತ್ರೆ, ಅಷ್ಟೇ. ಒಳಗಿನ ಪದಾರ್ಥ ಹಾಗೇ ಇರುತ್ತದೆ. ಆ ಎರಡು ದಿನ ಮನೆಯಲ್ಲಿ ಮೂರು ಹೊತ್ತೂ ಹೋಳಿಗೆ. ಅಪ್ಪ ಮಾತ್ರ ಫಾರ್ಮ್ ಬಹಳ ಚೆನ್ನಾಗಿದೆ ಎಂದರು.

ಎರಡು ತೊಂದರೆಗೂ ಮದ್ದು ಒಂದೇ: ಮರೆಮಾಡುವುದರ ಜತೆಗೆ ನಿಷ್ಕ್ರಿಯಗೊಳಿಸುವುದು. ಎಚ್‌ಟಿಎಂಎಲ್‌ನಲ್ಲಿ ಫೀಲ್ಡ್‌ಸೆಟ್ ಎಂಬ ಟ್ಯಾಗ್ ಇದೆ. ಕೂಡಿ ಹೋಗುವ ಪ್ರಶ್ನೆಗಳನ್ನು ಅದರೊಳಗೆ ಇಟ್ಟು, ಫೀಲ್ಡ್‌ಸೆಟ್‌ಗೆ 'ಡಿಸೇಬಲ್ಡ್' ಎಂಬ ಒಂದೇ ಗುಣ ಹಚ್ಚಿದರೆ ಒಳಗಿನ, ಉತ್ತರ ತುಂಬುವ ಎಲ್ಲ ಪೆಟ್ಟಿಗೆಗಳೂ ನಿಷ್ಕ್ರಿಯವಾಗುತ್ತವೆ. ನಿಷ್ಕ್ರಿಯ ಪೆಟ್ಟಿಗೆಯನ್ನು ಬ್ರೌಸರ್ ತಪಾಸಣೆಯೂ ಮಾಡುವುದಿಲ್ಲ, ಕಳಿಸುವುದೂ ಇಲ್ಲ. ಆದ್ದರಿಂದ ಪಿನ್ ಕೋಡ್‌ಗೆ ಕಡ್ಡಾಯವನ್ನು ಧೈರ್ಯವಾಗಿ ಮರಳಿ ಹಾಕಿದೆ. ಒಂದು ಫೀಲ್ಡ್‌ಸೆಟ್‌ನೊಳಗೆ ಇನ್ನೊಂದನ್ನು ಇಡಬಹುದು. ಹೊರಗಿನದು ನಿಷ್ಕ್ರಿಯವಾದರೆ ಒಳಗಿನದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕಿಲ್ಲ. ಕಟ್ಟಿನ ಪ್ರಶ್ನೆಯನ್ನು 'ತಾವೇ ಬಂದು ಒಯ್ಯುವವರು' ಎಂಬುದರ ಒಳಗೆ, ಅದನ್ನು 'ಊರೊಳಗೆ' ಎಂಬುದರ ಒಳಗೆ ಇಟ್ಟೆ. ನಾಲ್ಕರಲ್ಲಿ ಎರಡು ಷರತ್ತು ಬರೆಯದೆಯೇ ತೀರಿದವು.

ಮರೆಮಾಡುವಾಗ ಒಳಗಿನ ಅಂಕಿಯನ್ನು ಅಳಿಸಿಬಿಡಬಹುದಿತ್ತಲ್ಲ ಎಂದು ಕೇಳಬಹುದು. ನಾನೂ ಮೊದಲು ಹಾಗೇ ಮಾಡಿದ್ದೆ. ಆದರೆ ಬೆರಳು ತಪ್ಪಿ ಕೊರಿಯರ್ ಒತ್ತಿ ಮತ್ತೆ ಊರೊಳಗೆ ಬಂದವರು, ತುಂಬಿದ್ದೆಲ್ಲ ಹೋಯಿತು ಎಂದು ಫಾರ್ಮ್ ಮುಚ್ಚಿ ಫೋನ್ ಮಾಡುತ್ತಾರೆ. ನಿಷ್ಕ್ರಿಯ ಮಾಡಿದರೆ ಅಂಕಿ ಅಲ್ಲೇ ಇರುತ್ತದೆ, ಮರಳಿ ಬಂದಾಗ ಸಿಗುತ್ತದೆ, ಬರದಿದ್ದರೆ ಕಳಿಸಲ್ಪಡುವುದಿಲ್ಲ. ಅಳಿಸುವುದಕ್ಕಿಂತ ಇದೇ ಮೇಲು.

ಇದರ ಬಾಲವಾಗಿ ಇನ್ನೊಂದು ತಪ್ಪು ಸಿಕ್ಕಿತು. ಮೇಲ್ಗಡೆ ತೋರಿಸುವ ಒಟ್ಟು ಮೊತ್ತದ ಲೆಕ್ಕ ಮಾತ್ರ ಮರೆಯಾದ 30 ಬೇಳೆ ಹೋಳಿಗೆಯ ಹಣವನ್ನೂ ಕೂಡಿಸುತ್ತಿತ್ತು, ಒಂದಕ್ಕೆ 20 ರೂಪಾಯಿಯಂತೆ 600 ರೂಪಾಯಿ. ನಾನು ಪುಟದಲ್ಲಿರುವ ಎಲ್ಲ ಪೆಟ್ಟಿಗೆಗಳನ್ನೂ ಒಂದೊಂದಾಗಿ ಓದಿ ಕೂಡಿಸುತ್ತಿದ್ದೆ. ಅದರ ಬದಲು ಜಾವಾಸ್ಕ್ರಿಪ್ಟ್‌ನ ಫಾರ್ಮ್‌ಡೇಟಾದಿಂದ, ಅಂದರೆ ಕಳಿಸಲು ಸಿದ್ಧವಾದ ಉತ್ತರಗಳ ಪಟ್ಟಿಯಿಂದ, ಓದಿದರೆ, ನಿಷ್ಕ್ರಿಯವಾದದ್ದು ಅದರಲ್ಲಿ ಬರುವುದೇ ಇಲ್ಲ. ಕಳಿಸುವುದಕ್ಕೂ ಲೆಕ್ಕಕ್ಕೂ ಒಂದೇ ಮೂಲ ಇದ್ದರೆ ಎರಡೂ ಜಗಳವಾಡುವುದಿಲ್ಲ. ಲೆಕ್ಕಪತ್ರದವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಇಷ್ಟಾದ ಮೇಲೂ ಒಂದು ದಿನ 9 ಹೋಳಿಗೆ ಕೇಳಿದವರಿಗೆ ಫಾರ್ಮ್ 'ಕಟ್ಟು ಬೇಕೇ?' ಎಂದು ಕೇಳಿತು. ಮದುವೆ ಮನೆಗೆ 100 ಕೇಳಿದವರಿಗೆ ಕೇಳಲೇ ಇಲ್ಲ. ಅರ್ಧ ರಾತ್ರಿ ಹೋಯಿತು. ಪೆಟ್ಟಿಗೆಯಿಂದ ಓದಿದ್ದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಮಿತಿಯಾದ 50 ಅನ್ನೂ ನಾನು ಎಚ್‌ಟಿಎಂಎಲ್‌ನ ಗುಣದಲ್ಲಿ ಬರೆದಿಟ್ಟಿದ್ದೆ, ಅದೂ ಅಕ್ಷರವೇ. ಎರಡು ಅಕ್ಷರಸಾಲುಗಳನ್ನು ಹೋಲಿಸುವಾಗ ಜಾವಾಸ್ಕ್ರಿಪ್ಟ್ ನಿಘಂಟಿನ ಕ್ರಮ ಹಿಡಿಯುತ್ತದೆ: 9 ಎಂಬುದು 50ರ ಮೊದಲ ಅಂಕಿ 5ಕ್ಕಿಂತ ಮುಂದಿನದು, ಆದ್ದರಿಂದ ದೊಡ್ಡದು, 100 ಶುರುವಾಗುವುದು 1ರಿಂದ, ಆದ್ದರಿಂದ ಚಿಕ್ಕದು. ಎರಡನ್ನೂ ಹೋಲಿಸುವ ಮೊದಲೇ ಸಂಖ್ಯೆಯಾಗಿ ಪರಿವರ್ತಿಸಿದೆ. ಅದೇ ಹೊತ್ತಿಗೆ ಕನ್ನಡ ಅಂಕಿಗಳ ವಿಷಯವನ್ನೂ ಮುಗಿಸಿದೆ. ೨೫ ಎಂದು ತುಂಬುವ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಗಿರಾಕಿ. ಸಂಖ್ಯೆಯ ಪೆಟ್ಟಿಗೆ ಅದನ್ನು ಒಪ್ಪುವುದಿಲ್ಲ. ಪಠ್ಯದ ಪೆಟ್ಟಿಗೆ ಇಟ್ಟು, ಫೋನಿನಲ್ಲಿ ಅಂಕಿಗಳ ಕೀಲಿಮಣೆ ಮೂಡುವ ಹಾಗೆ ಮಾಡಿ, ೦ದಿಂದ ೯ರವರೆಗಿನ ಕನ್ನಡ ಅಂಕಿಗಳನ್ನು ಒಳಗೇ ಬದಲಿಸುವ ಮೂರು ಸಾಲು ಬರೆದೆ.

ಕನ್ನಡದ್ದೇ ಇನ್ನೊಂದು. ಆರಂಭದಲ್ಲಿ ಷರತ್ತುಗಳನ್ನು ಸರಕಿನ ಹೆಸರಿನ ಮೇಲೆಯೇ ಬರೆದಿದ್ದೆ: ಆರಿಸಿದ್ದು 'ಶೇಂಗಾ ಹೋಳಿಗೆ' ಆಗಿದ್ದರೆ ಹೀಗೆ ಮಾಡು ಎಂದು. ಒಂದು ಕಡೆ ನಾನೇ ಟೈಪ್ ಮಾಡಿದ್ದು, ಇನ್ನೊಂದು ಕಡೆ ವೈನಿಯ ಹಳೆಯ ದರಪಟ್ಟಿಯಿಂದ ನಕಲು ಮಾಡಿ ಅಂಟಿಸಿದ್ದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಹೋ' ಅಕ್ಷರದ ಓತ್ವ ಯುನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಪದ್ಧತಿ) ಒಂದೇ ಸಂಕೇತವಾಗಿ ಬರಬಹುದು. ಎತ್ವ, ಊತ್ವ, ದೀರ್ಘದ ಗುರುತು ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರಬಹುದು. ಎರಡನ್ನೂ ಒಂದೇ ರೂಪಕ್ಕೆ ತರುವ 'ನಾರ್ಮಲೈಸ್' ಎಂಬ ಫಂಕ್ಷನ್ ಇದೆ. ಆದರೆ ನಾಳೆ ವೈನಿ ಹೋಳಿಗೆ ಎಂಬುದನ್ನು ಒಬ್ಬಟ್ಟು ಎಂದು ಬದಲಿಸಿದರೂ ಷರತ್ತು ಮುರಿಯಬಾರದು ಎಂದು, ಪ್ರತಿ ಸರಕಿಗೂ ಯಾರಿಗೂ ಕಾಣದ ಒಂದು ಗುರುತಿನ ಸಂಖ್ಯೆ ಕೊಟ್ಟೆ. ಹೆಸರು ಜನರಿಗೆ, ಸಂಖ್ಯೆ ಷರತ್ತಿಗೆ.

ಬ್ರೌಸರಿನ ಹಿಂದೆ ಹೋಗುವ ಗುಂಡಿಯ ಕಾಟ ಚಿಕ್ಕದು. ಹಿಂದೆ ಹೋಗಿ ಮರಳಿದಾಗ ತುಂಬಿದ್ದನ್ನು ಬ್ರೌಸರ್ ತಾನೇ ಮರಳಿ ಇಡಬಹುದು, ಆದರೆ 'ಬದಲಾಯಿತು' ಎಂಬ ಸುದ್ದಿಯನ್ನು ನಮ್ಮ ಕೋಡ್‌ಗೆ ಮುಟ್ಟಿಸುವುದಿಲ್ಲ. ಕೊರಿಯರ್ ಆರಿಸಿರುತ್ತದೆ, ಪಿನ್ ಕೋಡ್ ಕಾಣುವುದಿಲ್ಲ. ಷರತ್ತುಗಳೆಲ್ಲವನ್ನೂ ಒಂದೇ ಫಂಕ್ಷನ್‌ನಲ್ಲಿ ಮೇಲಿನಿಂದ ಕೆಳಗೆ ಬರೆದು, ಪುಟ ಪರದೆಗೆ ಬಂದಾಗಲೂ ಯಾವ ಉತ್ತರ ಬದಲಾದಾಗಲೂ ಅದನ್ನೇ ಇಡಿಯಾಗಿ ಓಡಿಸಿದೆ. ಪ್ರತಿ ಪ್ರಶ್ನೆಗೂ ಅದರದೇ ಪುಟ್ಟ ಷರತ್ತು ಕಟ್ಟಿದ್ದಾಗ ಯಾವುದು ಯಾವುದನ್ನು ತೋರಿಸುತ್ತಿದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಐದನೆಯ ದಿನದ ಹೊತ್ತಿಗೆ ಕೋಡ್ ಸರಿಯಿತ್ತು, ಫೋನ್ ಕರೆಗಳು ಮಾತ್ರ ನಿಂತಿರಲಿಲ್ಲ. "ಬೇಳೆ ಹೋಳಿಗೆ ಮಾಡುವುದನ್ನು ಬಿಟ್ಟಿರೇನು, ಅಕ್ಕಾ?" ಬೆಳಗಾವಿಯಿಂದ ಒಬ್ಬರು, ಮುಂಬೈಯಿಂದ ಒಬ್ಬರು. ಕೊರಿಯರ್ ಒತ್ತಿದೊಡನೆ ಬೇಳೆ ಹೋಳಿಗೆ ಕಾಣೆಯಾಗುತ್ತಿತ್ತಲ್ಲ. ಇಲ್ಲ ಎಂಬುದು ಅವರಿಗೆ ಕಂಡಿತು, ಯಾಕಿಲ್ಲ ಎಂಬುದು ಕಾಣಲಿಲ್ಲ. ಇಲ್ಲಿ ನನ್ನ ಆಲೋಚನೆಯೇ ತಪ್ಪಿತ್ತು. ಸಂಬಂಧವಿಲ್ಲದ ಪ್ರಶ್ನೆಯನ್ನು ಮರೆಮಾಡಬೇಕು: ಊರೊಳಗಿನವರಿಗೆ ಪಿನ್ ಕೋಡ್ ಬೇಡ, ಮನೆಯವರಿಗೆ ಜಿಎಸ್‌ಟಿ ನಂಬರ್ ಬೇಡ, ಅದು ಇಲ್ಲವೆಂದು ಯಾರೂ ಕೊರಗುವುದಿಲ್ಲ. ಆದರೆ ಗಿರಾಕಿ ಹುಡುಕಿಕೊಂಡು ಬಂದ ಸರಕನ್ನು ಮರೆಮಾಡಬಾರದು. ಅದನ್ನು ಮಂಕಾಗಿ ತೋರಿಸಿ, ಪಕ್ಕದಲ್ಲಿ ಕಾರಣ ಹೇಳಬೇಕು. ಈಗ ಕೊರಿಯರ್ ಒತ್ತಿದರೆ ಬೇಳೆ ಹೋಳಿಗೆಯ ಸಾಲು ಬೂದು ಬಣ್ಣಕ್ಕೆ ತಿರುಗುತ್ತದೆ, ಅಂಕಿ ತುಂಬಲು ಬರುವುದಿಲ್ಲ, ಕೆಳಗೆ ವೈನಿಯದೇ ಮಾತು: "ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ, ಅದಕ್ಕೇ ಕೊರಿಯರ್‌ನಲ್ಲಿ ಕಳಿಸುವುದಿಲ್ಲ. ಊರಿಗೆ ಬಂದಾಗ ಬಿಸಿಯದೇ ತಿನ್ನಿರಿ." ಕರೆಗಳು ನಿಂತವು. ಆ ಸಾಲು ಓದಿದವರಲ್ಲಿ ಕೆಲವರು ಶೇಂಗಾದ ಸಂಖ್ಯೆಯನ್ನು ಹೆಚ್ಚಿಸಿದರು ಎಂದು ವೈನಿ ಹೇಳುತ್ತಾರೆ. ಅದನ್ನು ನಾನು ಅಳೆದು ನೋಡಿಲ್ಲ.

ದಿನಾಂಕದ್ದು ಬೇರೆಯೇ ತಮಾಷೆ. ನಾಳೆಗಿಂತ ಮೊದಲಿನ ದಿನ ಆರಿಸಲು ಬರಬಾರದು ಎಂದು ದಿನಾಂಕದ ಪೆಟ್ಟಿಗೆಗೆ ಮಿತಿ ಹಾಕಿದ್ದೆ. ಒಂದು ಬೆಳಿಗ್ಗೆ 4 ಗಂಟೆ 50 ನಿಮಿಷಕ್ಕೆ ಅದೇ ದಿನಕ್ಕೆ ಬೇಕೆಂದು ಒಂದು ಆರ್ಡರ್ ಬಂದು ಕೂತಿತ್ತು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಹೋಳಿಗೆ ನೆನೆಸಿಕೊಳ್ಳುವವರು ಇರಬಹುದೆಂದು ನನಗೆ ತೋಚಿರಲಿಲ್ಲ. ದಿನಾಂಕವನ್ನು ಅಕ್ಷರರೂಪಕ್ಕೆ ತರಲು ನಾನು ಬಳಸಿದ ಐಎಸ್‌ಒ ಫಂಕ್ಷನ್ ಕೊಡುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯವನ್ನು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದ್ದರಿಂದ ಪ್ರತಿ ದಿನ ಮಧ್ಯರಾತ್ರಿಯಿಂದ ಬೆಳಿಗ್ಗೆ 5:30ರವರೆಗೆ ಫಾರ್ಮ್‌ನ ಮಟ್ಟಿಗೆ ಇನ್ನೂ ನಿನ್ನೆಯೇ. ಅದರ 'ನಾಳೆ' ನಮ್ಮ ಇವತ್ತು. ವರ್ಷ, ತಿಂಗಳು, ದಿನವನ್ನು ಫೋನಿನ ಸ್ಥಳೀಯ ಸಮಯದಿಂದಲೇ ತೆಗೆದು ಜೋಡಿಸಿದ ಮೇಲೆ ಸರಿಹೋಯಿತು. ಆ ದಿನದ ಗಿರಾಕಿಗೆ ವೈನಿ ಹೋಳಿಗೆ ಮಾಡಿಯೇ ಕೊಟ್ಟರು. ತಪ್ಪು ಫಾರ್ಮ್‌ನದು, ಅವರದಲ್ಲ ಎಂದರು. ನನ್ನ ಕಡೆ ನೋಡಿ.

ಷರತ್ತು ಪುಟದಲ್ಲಿ ಇದ್ದರೆ ಸಾಲದು, ಆರ್ಡರ್ ಇಳಿಸಿಕೊಳ್ಳುವ ಸ್ಕ್ರಿಪ್ಟ್‌ನಲ್ಲಿಯೂ ಅದೇ ಷರತ್ತುಗಳು ಇರಬೇಕು. ಯಾರೋ ಮೋಸ ಮಾಡುತ್ತಾರೆಂದಲ್ಲ. ನಿನ್ನೆ ಸಂಜೆ ಫಾರ್ಮ್ ತೆರೆದಿಟ್ಟು ಇವತ್ತು ಮಧ್ಯಾಹ್ನ ಕಳಿಸುವವರು ಬಹಳ ಜನ; ಅವರ ಪುಟದಲ್ಲಿರುವ 'ನಾಳೆ' ಹಳಸಿರುತ್ತದೆ, ದರವೂ ಹಳೆಯದಾಗಿರಬಹುದು. ಆದ್ದರಿಂದ ಡೂಪೋಸ್ಟ್ ಎಂಬ ಫಂಕ್ಷನ್‌ನಲ್ಲಿ ದಿನಾಂಕ, ಸರಕು, ಸಂಖ್ಯೆ ಎಲ್ಲವನ್ನೂ ಮತ್ತೆ ತಪಾಸಣೆ ಮಾಡಿ, ಮೊತ್ತವನ್ನು ಅಲ್ಲಿಯೇ ಹೊಸದಾಗಿ ಲೆಕ್ಕ ಹಾಕುತ್ತೇನೆ. ಇಬ್ಬರು ಒಂದೇ ಕ್ಷಣದಲ್ಲಿ ಕಳಿಸಿದರೆ ಸಾಲುಗಳು ಒಂದರ ಮೇಲೊಂದು ಬೀಳದಂತೆ ಬೀಗ ಹಾಕಲು ಲಾಕ್ ಸರ್ವಿಸ್ ಎಂಬುದು ಇದೆ, ಅದನ್ನೂ ಸೇರಿಸಿದೆ. ಇಲ್ಲಿ ನನ್ನ ಒಂದು ಗಂಟೆ ತಿಂದ ಸಂಗತಿ: ಸ್ಕ್ರಿಪ್ಟ್ ತಿದ್ದಿ ಉಳಿಸಿದರೆ ಚಾಲ್ತಿಯಲ್ಲಿರುವುದು ಬದಲಾಗುವುದಿಲ್ಲ. ಇರುವ ಡಿಪ್ಲಾಯ್‌ಮೆಂಟ್ (ಚಾಲ್ತಿಗೆ ಬಿಟ್ಟ ಪ್ರತಿ) ಅನ್ನೇ ತೆರೆದು ಹೊಸ ಆವೃತ್ತಿ ಎಂದು ಆರಿಸಬೇಕು. ಹೊಸ ಡಿಪ್ಲಾಯ್‌ಮೆಂಟ್ ಮಾಡಿದರೆ ವಿಳಾಸವೇ ಬೇರೆಯಾಗುತ್ತದೆ, ಪುಟ ಮಾತ್ರ ಹಳೆಯ ವಿಳಾಸಕ್ಕೇ ಆರ್ಡರ್ ಕಳಿಸುತ್ತಿರುತ್ತದೆ.

ಈಗ ಫಾರ್ಮ್‌ನಲ್ಲಿ ಒಟ್ಟು 21 ಪ್ರಶ್ನೆಗಳಿವೆ, ಮೊದಲಿಗಿಂತ ಎರಡು ಹೆಚ್ಚು. ಹತ್ತು ಶೇಂಗಾ ಹೋಳಿಗೆಯನ್ನು ತಾವೇ ಬಂದು ಒಯ್ಯುವವರಿಗೆ ಕಾಣುವುದು ಆರು. ಅಪ್ಪ ಕೂಗದೆ ಆರ್ಡರ್ ಮಾಡಿದರು.

ಯುಗಾದಿ ಮುಗಿಸಿ ಬೆಂಗಳೂರಿಗೆ ಹೊರಡುವ ದಿನ ವೈನಿ ಅದೇ ಕ್ಯಾಲೆಂಡರ್ ಹಾಳೆ ತಂದು ಮುಂದಿಟ್ಟರು. ಕೆಳಗೆ ಹೊಸ ಸಾಲು ಸೇರಿತ್ತು: ಬಸ್ಸಿಗೆ. ಬೆಂಗಳೂರಿನಲ್ಲಿ ಮಕ್ಕಳಿರುವವರು ರಾತ್ರಿ ಬಸ್ಸಿಗೆ ಹಾಕಿ ಕಳಿಸಿ ಎನ್ನುತ್ತಾರೆ. ಸುಮಾರು 430 ಕಿಲೋಮೀಟರ್, ಬೆಳಗಾಗುವುದರೊಳಗೆ ಮುಟ್ಟುತ್ತದೆ, ಆದ್ದರಿಂದ ಬೇಳೆ ಹೋಳಿಗೆ ನಡೆಯುತ್ತದೆ. ತುಪ್ಪ ಹಚ್ಚಬಹುದು. ಕಟ್ಟು ಮಾತ್ರ ಇಲ್ಲ. ಊರೊಳಗೆ, ಕೊರಿಯರ್ ಎಂಬ ಎರಡರ ನಡುವೆ ಮೂರನೆಯದು ಬಂತು. ಷರತ್ತುಗಳು ಒಂದೇ ಕಡೆ ಇದ್ದುದರಿಂದ ಇಪ್ಪತ್ತು ನಿಮಿಷದಲ್ಲಿ ಸೇರಿಸಿದೆ.

"ಇಳಿಸಿಕೊಳ್ಳುವವರ ನಂಬರ್ ಕೇಳಬೇಕಲ್ಲ" ಎಂದೆ.

"ನಂಬರ್ ಎಲ್ಲರೂ ಕೊಡುತ್ತಾರೆ. ಬೆಳಿಗ್ಗೆ ಐದಕ್ಕೆ ಎತ್ತುವುದಿಲ್ಲ, ಡ್ರೈವರ್ ನನಗೆ ಫೋನ್ ಮಾಡುತ್ತಾನೆ" ಎಂದರು ವೈನಿ.

ಬಸ್ಸು ಎಂದು ಒತ್ತಿದವರಿಗೆ ಈಗ ಮೂಡುವ ಕಡ್ಡಾಯ ಪ್ರಶ್ನೆ ಹೀಗಿದೆ: ಬೆಳಿಗ್ಗೆ 5 ಗಂಟೆಗೆ ಎಬ್ಬಿಸಿದರೆ ಬೈಯದವರ ಮೊಬೈಲ್ ನಂಬರ್.